ಇಡ್ಲಿಗೆ ದಾರಿ, ಚಟ್ನಿಗೆ ತಡೆ

ವಿದೇಶಕ್ಕೆ ಹೊರಟವರ ಕೈಚೀಲದಲ್ಲಿ ಇಡ್ಲಿ ಇದ್ದರೆ ಒಳಗೆ ಹೋಗುತ್ತದೆ, ಚಟ್ನಿ ಹೊರಗೇ ಉಳಿಯುತ್ತದೆ. ಮುದ್ದೆ ಹೋಗುತ್ತದೆ, ಬಸ್ಸಾರು ಹೋಗುವುದಿಲ್ಲ. ಹೋಳಿಗೆ ಹೋಗುತ್ತದೆ, ಅದರ ಮೇಲೆ ಸುರಿದುಕೊಳ್ಳುವ ತುಪ್ಪ ಹೋಗುವುದಿಲ್ಲ. ಊಟದೆಲೆಯ ಮೇಲೆ ಎಂದೂ ಅಗಲದ ಜೋಡಿಗಳು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಗಲಿ ಹೋಗುತ್ತವೆ. ಆ ಅಗಲಿಕೆಯ ಹೊತ್ತಿನಲ್ಲಿ ನಡೆಯುವ ಫಜೀತಿಗಳನ್ನು ನೋಡಿದಾಗ ನಗು ಬರುತ್ತದೆ. ನಗು ಮುಗಿದ ಮೇಲೆ, ಕಸದ ಬುಟ್ಟಿಗೆ ಬಿದ್ದ ಡಬ್ಬಿಯನ್ನು ನೆನೆದು ಸಂಕಟವಾಗುತ್ತದೆ. ಅನ್ನ ಚೆಲ್ಲಬಾರದು ಎಂದು ಹೇಳಿಸಿಕೊಂಡು ಬೆಳೆದವರು ನಾವು.

ಬೆಂಗಳೂರಿನಿಂದ ದೂರದೇಶಗಳಿಗೆ ಹೋಗುವ ವಿಮಾನಗಳಲ್ಲಿ ಬಹಳಷ್ಟು ಹೊರಡುವುದು ರಾತ್ರಿ, ಇಲ್ಲವೇ ನಸುಕಿನಲ್ಲಿ. ಆ ಹೊತ್ತಿಗೆ ಚೆಕ್‌ಇನ್ ಕೌಂಟರುಗಳ ಮುಂದೆ ಒಂದು ನೋಟ ತಪ್ಪದೆ ಕಾಣುತ್ತದೆ. ನೆಲದ ಮೇಲೆ ಬಾಯಿ ತೆರೆದ ಸೂಟ್‌ಕೇಸು, ಅದರ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ ಗಂಡ ಹೆಂಡತಿ, ಸುತ್ತ ಹರಡಿದ ಪೊಟ್ಟಣಗಳು. ಒಂದು ಪೆಟ್ಟಿಗೆಗೆ 23 ಕೆ.ಜಿ. ಮಿತಿ, ತಕ್ಕಡಿ 25 ತೋರಿಸುತ್ತಿದೆ. ಎರಡು ಕೆ.ಜಿ. ಇಳಿಸಬೇಕು. ಇಳಿಸುವುದೆಂದರೆ ಭಾರದ ವಸ್ತುವನ್ನೇ ಮೊದಲು ತೆಗೆಯುವುದು ಸಹಜ. ಭಾರದ ವಸ್ತು ಯಾವುದು? ಉಪ್ಪಿನಕಾಯಿ, ತುಪ್ಪ, ಪುಳಿಯೋಗರೆ ಗೊಜ್ಜು. ಅವು ಸೂಟ್‌ಕೇಸಿನಿಂದ ಎದ್ದು ಕೈಚೀಲಕ್ಕೆ ಬರುತ್ತವೆ. ಅರ್ಧ ಗಂಟೆಯ ನಂತರ ಅದೇ ಕೈಚೀಲ ತಪಾಸಣೆಯ ಬೆಲ್ಟಿನ ಮೇಲೆ ನಿಂತುಬಿಡುತ್ತದೆ. ನಮ್ಮವರ ತಿಂಡಿ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಬಹುಪಾಲು ಹೀಗೆಯೇ. ಮನೆಯಲ್ಲಿ ಸರಿಯಾಗಿಯೇ ಕಟ್ಟಿದ್ದ ಗಂಟು ಕೌಂಟರಿನ ಎದುರು ಬಿಚ್ಚಿಕೊಂಡು ಎಡವಟ್ಟಾಗುತ್ತದೆ.

ಹಾಸನ ಕಡೆಯ ದಂಪತಿಯೊಬ್ಬರಿಗೆ ಆದದ್ದೂ ಇದೇ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದವರು. ಸಾಲಿನಲ್ಲಿ ನನ್ನ ಮುಂದಿದ್ದರು. ತಾಯಿಯ ಕೈಚೀಲದಿಂದ ಹೊರಬಂದದ್ದು ಅಗಲ ಬಾಯಿಯ ಸ್ಟೀಲ್ ಡಬ್ಬಿ, ಅದರ ತುಂಬ ಕಪ್ಪಗೆ ಹೊಳೆಯುವ ಬಾಣಂತಿ ಲೇಹ್ಯ. ಶುಂಠಿ, ಮೆಣಸು, ಹಿಪ್ಪಲಿ, ಓಮ ಎಲ್ಲ ಹುರಿದು ಕುಟ್ಟಿ, ಬೆಲ್ಲದ ಪಾಕದಲ್ಲಿ ಕುದಿಸಿ, ತುಪ್ಪ ಬಿಡುವವರೆಗೆ ಮಗುಚಿ ಮಾಡುವ ಪದಾರ್ಥ ಅದು. ಮುಚ್ಚಳ ತೆಗೆದ ಕೂಡಲೇ ಶುಂಠಿಯ ಘಾಟು ಆ ಇಡೀ ಸಾಲಿಗೆ ಹರಡಿತು. ತಪಾಸಣೆಗೆ ನಿಂತಿದ್ದ ಹುಡುಗಿ ಉತ್ತರ ಕರ್ನಾಟಕದವಳು.

"ಅಮ್ಮಾರ, ಇದು ಒಳಗ ಬಿಡಾಕ ಬರಂಗಿಲ್ರಿ. ನೂರು ಎಂಎಲ್ ಮ್ಯಾಲೈತಿ."

"ಇದು ನೀರಲ್ಲ ಕಣವ್ವ, ಲೇಹ್ಯ. ಎಂಎಲ್ ಎಲ್ಲಿಂದ ಬರುತ್ತೆ?"

"ಗಟ್ಟಿ ಇರಬೇಕ್ರಿ. ಇದು ಮೆತ್ತಗ ಐತಿ."

"ಇದು ಗಟ್ಟಿಯಲ್ವಾ? ನೋಡು."

ಆಕೆ ಚೀಲದಿಂದ ಒಂದು ಚಮಚ ತೆಗೆದು ಲೇಹ್ಯದ ನಡುವೆ ನೆಟ್ಟರು. ಚಮಚ ನೆಟ್ಟಗೆ ನಿಂತಿತು. ಡಬ್ಬಿಯನ್ನು ಸ್ವಲ್ಪ ಓರೆ ಮಾಡಿ ತೋರಿಸಿದರು. ಆಗಲೂ ಬೀಳಲಿಲ್ಲ. ಪಕ್ಕದ ಬೆಲ್ಟಿನ ಸಿಬ್ಬಂದಿಯೂ ಬಂದು ಬಗ್ಗಿ ನೋಡಿದರು. ಮೇಲಧಿಕಾರಿ ಬಂದರು, ಹಿಂದಿಯವರು. ಹುಡುಗಿ ನಗು ತಡೆದುಕೊಂಡು ಎಲ್ಲವನ್ನೂ ವಿವರಿಸಿದಳು. ಅವರೂ ಚಮಚವನ್ನು ನೋಡಿದರು, ತಾಯಿಯ ಮುಖ ನೋಡಿದರು, ಕೈ ಮುಗಿದರು. "ಮಾತಾಜಿ, ಪೇಸ್ಟ್ ಹೈ" ಎಂದರು. ತೀರ್ಮಾನ ಬದಲಾಗಲಿಲ್ಲ. ಆದರೆ ಡಬ್ಬಿಯನ್ನು ಬುಟ್ಟಿಗೆ ಹಾಕಿಸಲೂ ಇಲ್ಲ. ವಿಮಾನಕ್ಕೆ ಸಾಕಷ್ಟು ಸಮಯವಿದೆ ಎಂದು ನೋಡಿಕೊಂಡು, ಯಜಮಾನರನ್ನು ಡಬ್ಬಿಯ ಸಮೇತ ಚೆಕ್‌ಇನ್ ಕೌಂಟರಿಗೆ ವಾಪಸು ಕಳಿಸಿದರು. ಯಜಮಾನರು ಬರಿಗೈಯಲ್ಲಿ ತಿರುಗಿ ಬಂದು "ಪೆಟ್ಟಿಗೆಗೆ ಹೋಯ್ತು" ಎಂದಾಗ ಆ ತಾಯಿ ಮೊದಲು ಧನ್ಯವಾದ ಹೇಳಿದ್ದು ಆ ಹುಡುಗಿಗೆ. "ನಿನಗೂ ಮದುವೆ ಆಗಿ ಮಗುವಾದಾಗ ಹೇಳವ್ವ, ಮಾಡಿಕೊಡ್ತೀನಿ" ಎಂದರು. ಹುಡುಗಿಯ ಕಣ್ಣಲ್ಲಿ ನೀರಾಡಿತು. ನಿಯಮವನ್ನು ಮುರಿಯದೆ, ತಿನ್ನುವ ಪದಾರ್ಥವನ್ನೂ ಕೆಡಿಸದೆ ಕೆಲಸ ಮಾಡಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇಕಿಲ್ಲ.

ನಿಯಮಕ್ಕೆ ಕಾರಣವಿದೆ, ಅದನ್ನು ಹಗುರವಾಗಿ ಕಾಣಬಾರದು. 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪೊಲೀಸರು ಒಂದು ಸಂಚು ಬಯಲು ಮಾಡಿದರು. ಲಂಡನ್ನಿನಿಂದ ಅಮೆರಿಕ, ಕೆನಡಾಗಳಿಗೆ ಹೋಗುವ ವಿಮಾನಗಳಲ್ಲಿ ತಂಪು ಪಾನೀಯದ ಬಾಟಲಿಗಳೊಳಗೆ ದ್ರವ ಸ್ಫೋಟಕ ಸಾಗಿಸುವ ಸಂಚು ಅದು. ಮೊದಲ ಕೆಲವು ವಾರ ಯಾವ ದ್ರವವೂ ಬೇಡವೆಂದರು. ಆಮೇಲೆ ಒಂದೊಂದು ಡಬ್ಬಿ 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು ಎಂಬ ನಿಯಮ ಬಂತು, ಜಗತ್ತಿಗೆಲ್ಲ ಹರಡಿತು. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅಳೆಯುವುದು ಡಬ್ಬಿಯನ್ನು, ಒಳಗಿರುವುದನ್ನಲ್ಲ. ಕಾಲು ಲೀಟರಿನ ಬಾಟಲಿಯ ತಳದಲ್ಲಿ ಎರಡು ಚಮಚ ಚಟ್ನಿ ಉಳಿದಿದ್ದರೂ ಅದು ಕಾಲು ಲೀಟರೇ. ಇನ್ನು ದ್ರವ ಎಂದರೆ ನೀರು, ಎಣ್ಣೆ ಮಾತ್ರವಲ್ಲ; ಸುರಿಯಲು, ಸವರಲು, ಹಿಂಡಲು ಬರುವುದೆಲ್ಲವೂ ಅದರಲ್ಲಿ ಸೇರುತ್ತದೆ. ನಮ್ಮ ಅಡುಗೆಯಲ್ಲಿ ಅರ್ಧದಷ್ಟು ಪದಾರ್ಥ ಈ ಮಾತಿನೊಳಗೆ ಬಂದುಬಿಡುತ್ತದೆ. ಮೊಸರನ್ನದ ಡಬ್ಬಿಯನ್ನು ಅಧಿಕಾರಿಯೊಬ್ಬರು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ಬಹಳ ಹೊತ್ತು ಯೋಚಿಸಿದ್ದನ್ನು ಗೆಳೆಯರೊಬ್ಬರು ಹೇಳಿದ್ದರು. ಬೆಳಗ್ಗೆ ಕಲಸಿದ ಅನ್ನ ಸಂಜೆಗೆ ಮೊಸರನ್ನೆಲ್ಲ ಹೀರಿ ಗಟ್ಟಿಯಾಗಿತ್ತು. ಅದೇ ಅದನ್ನು ಕಾಪಾಡಿತು.

ತುಮಕೂರಿನ ಒಂದು ಕುಟುಂಬ ಶಾವಿಗೆ ಪಾಯಸವನ್ನು ಫ್ಲಾಸ್ಕಿನಲ್ಲಿ ತಂದಿತ್ತಂತೆ. ಮಗ ಓದಲು ಹೊರಟಿದ್ದ, ಅಂದೇ ಅವನ ಹುಟ್ಟುಹಬ್ಬ. ಪಾಯಸ ಒಳಗೆ ಬಿಡುವುದಿಲ್ಲ ಎಂದು ತಪಾಸಣೆಯ ಸಾಲಿನಲ್ಲಿ ಮುಂದೆ ನಿಂತವರು ಹೇಳಿದಾಗ ಅವನು ಸಾಲು ಬಿಟ್ಟು ಬದಿಗೆ ಬಂದ. ಕಾಫಿ ಅಂಗಡಿಯಿಂದ ಕಾಗದದ ಲೋಟ ಕೇಳಿ ತಂದ. ಗುರುತಿಲ್ಲದ ಹತ್ತಾರು ಪ್ರಯಾಣಿಕರಿಗೆ ಒಂದೊಂದು ಗುಟುಕು ಹಂಚಿ ಫ್ಲಾಸ್ಕ್ ಖಾಲಿ ಮಾಡಿದ. ಕುಡಿದವರೆಲ್ಲ ಶುಭಾಶಯ ಹೇಳಿ ಕೈ ಕುಲುಕಿದರು. ಒಬ್ಬನೇ ವಿಮಾನ ಹತ್ತುವ ಹುಡುಗನಿಗೆ ಅಷ್ಟು ಜನರ ಹಾರೈಕೆ ಸಿಕ್ಕಿದ್ದು ಆ 100 ಮಿ.ಲೀ. ನಿಯಮದಿಂದ.

ಗಟ್ಟಿ ಪದಾರ್ಥಕ್ಕೂ ಪರೀಕ್ಷೆ ತಪ್ಪಿದ್ದಲ್ಲ. ಎಕ್ಸ್‌ರೇ ಪರದೆಯ ಮೇಲೆ ಲೋಹ ನೀಲಿಯಾಗಿ ಕಾಣುತ್ತದೆ, ಜೈವಿಕ ವಸ್ತುಗಳು ಕಿತ್ತಳೆ ಬಣ್ಣದಲ್ಲಿ. ತಿಂಡಿ ಕಿತ್ತಳೆ, ಬಟ್ಟೆ ಕಿತ್ತಳೆ, ಹಲವು ಸ್ಫೋಟಕಗಳೂ ಕಿತ್ತಳೆ. ಹಾಗಾಗಿ ಒತ್ತೊತ್ತಾಗಿ ಜೋಡಿಸಿದ ಗೋಕಾಕದ ಕರದಂಟು, ಮೈಸೂರು ಪಾಕಿನ ಇಟ್ಟಿಗೆ, ಅಚ್ಚು ಬೆಲ್ಲದ ಸಾಲು ಪರದೆಯ ಮುಂದೆ ಕುಳಿತವರನ್ನು ಎಚ್ಚರಿಸುತ್ತವೆ. ಚೀಲ ತೆಗೆಸಿ ನೋಡುತ್ತಾರೆ, ನೋಡಿ ಬಿಡುತ್ತಾರೆ. ಹಿತ್ತಾಳೆಯ ಚಕ್ಕುಲಿ ಒರಳಿನ ಕಥೆ ಬೇರೆ. ಗಟ್ಟಿ ನೀಲಿ ಕೊಳವೆ, ಎರಡು ಹಿಡಿ, ಒಳಗೊಂದು ದಂಡ. ಚಕ್ಕುಲಿ ಕಾಣದ ನಾಡಿನಿಂದ ಬಂದ ಕಾವಲುಗಾರನಿಗೆ ಅದು ಏನೆಂದು ತೋರಬೇಕು? ಅದನ್ನು ಕೈಚೀಲದಲ್ಲಿ ಇಡದಿರುವುದೇ ಇಬ್ಬರಿಗೂ ಕ್ಷೇಮ.

ವಿಜಯಪುರದ ಹಿರಿಯರೊಬ್ಬರು ದೆಹಲಿಯ ಮೂಲಕ ಮಗನ ಮನೆಗೆ ಹೊರಟಾಗ ಕಟಕ ರೊಟ್ಟಿಯ ದೊಡ್ಡ ಗಂಟು ಕೈಯಲ್ಲಿತ್ತು. ಪರದೆಯ ಮೇಲೆ ದಪ್ಪ ದುಂಡು ಬಿಲ್ಲೆಯಂತೆ ಕಂಡಿರಬೇಕು, ಬಿಚ್ಚಿಸಿದರು. ಬಿಳಿ ಧೋತರದ ತುಂಡಿನಲ್ಲಿ ಸುತ್ತಿದ ರೊಟ್ಟಿಗಳನ್ನು ಕಂಡ ಜವಾನ ರಾಜಸ್ಥಾನದವನು. ಅವನು ಒಂದು ರೊಟ್ಟಿಯ ಅಂಚು ಮುಟ್ಟಿ, ಇದು ಬಾಜ್ರಾನೋ ಜ್ವಾರಿನೋ ಎಂದು ಕೇಳಿದ. ಜೋಳದ್ದು ಎಂದರು. ನಮ್ಮಮ್ಮ ಸಜ್ಜೆಯದು ಮಾಡುತ್ತಾಳೆ ಎಂದ. ಇಬ್ಬರೂ ಸೇರಿ ಒಂದೂ ಮುರಿಯದಂತೆ ಗಂಟನ್ನು ಮತ್ತೆ ಕಟ್ಟಿದರು. ಜೋಳದ ರೊಟ್ಟಿಯೂ ಶೇಂಗಾ ಚಟ್ನಿ ಪುಡಿಯೂ ದೂರ ಪ್ರಯಾಣಕ್ಕೆಂದೇ ಹುಟ್ಟಿದವು ಎಂದು ನನಗೆ ಅನಿಸುವುದುಂಟು. ಪುಡಿಯ ವಿಷಯದಲ್ಲಿ ಮಾತ್ರ ಅಮೆರಿಕಕ್ಕೆ ಹೋಗುವವರು ಎಚ್ಚರವಾಗಿರಬೇಕು. ಅಲ್ಲಿಗೆ ಹೋಗುವ ವಿಮಾನಗಳಲ್ಲಿ ಕೈಚೀಲದ ಪುಡಿ ಸುಮಾರು 350 ಮಿ.ಲೀ. ಅಳತೆ ಮೀರಿದರೆ ಹೆಚ್ಚಿನ ತಪಾಸಣೆ ಎಂದು 2018ರ ಜೂನ್ ಕೊನೆಯಿಂದ ನಿಯಮವಾಗಿದೆ. ಸಾರಿನ ಪುಡಿ, ಹುಳಿ ಪುಡಿ, ಮೆಂತ್ಯದ ಹಿಟ್ಟು ಪೆಟ್ಟಿಗೆಯಲ್ಲಿ ಹೋಗಲಿ.

ಎಲ್ಲಕ್ಕಿಂತ ಹೆಚ್ಚು ಜನ ನಂಬದಿರುವುದು ಕೊಬ್ಬರಿಯ ಸಂಗತಿ. ತಿಪಟೂರಿನ ಗಿಟುಕು, ಮಡಿಲಕ್ಕಿಯೊಡನೆ ಮಗಳ ಮಡಿಲಿಗೆ ಹಾಕಿ ಕಳಿಸುವ ಮಂಗಳ ವಸ್ತು, ವಿಮಾನಯಾನದ ಲೆಕ್ಕದಲ್ಲಿ ಅಪಾಯಕಾರಿ ಸರಕು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಎಂಬ ಸಂಖ್ಯೆಯೇ ಇದೆ, ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿ. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಬಹಳ. ಆ ಎಣ್ಣೆ ಗಾಳಿಯೊಡನೆ ಬೆರೆತು ನಿಧಾನವಾಗಿ ಬಿಸಿಯಾಗುತ್ತದೆ. ರಾಶಿಯಾಗಿ ಮುಚ್ಚಿಟ್ಟರೆ ಆ ಬಿಸಿ ಹೊರಹೋಗಲು ದಾರಿ ಇಲ್ಲದೆ ಏರುತ್ತದೆ. ಹಡಗುಗಳಲ್ಲಿ ಕೊಬ್ಬರಿ ಸಾಗಿಸುವವರು ಬಹುಕಾಲದಿಂದ ಅಂಜುತ್ತಿದ್ದುದು ಇದಕ್ಕೇ. ಮಡಿಲು ತುಂಬಿಸಿಕೊಂಡ ಹೆಣ್ಣುಮಗಳು ಕೌಂಟರಿನಲ್ಲಿ ಕೊಬ್ಬರಿ ತೆಗೆದಿಡಬೇಕಾದಾಗ ಅಪಶಕುನವೆಂದು ಕಣ್ಣೀರು ಹಾಕಿದ್ದನ್ನು ಕೇಳಿದ್ದೇನೆ. ಅಪಶಕುನವಲ್ಲ ತಾಯಿ, ಎಣ್ಣೆಯ ಗುಣ. ಕೊಬ್ಬರಿಯನ್ನು ತವರಿನ ದೇವರ ಮುಂದಿಟ್ಟು, ಅಕ್ಕಿ ಬೆಲ್ಲವನ್ನಷ್ಟೇ ಒಯ್ಯುವವರೂ ಇದ್ದಾರೆ. ಆ ದೇಶ ಅಕ್ಕಿ ಒಪ್ಪುತ್ತದೆಯೇ ಎಂದು ಮೊದಲು ವಿಚಾರಿಸಿಕೊಂಡರಾಯಿತು.

ನಿಯಮ ಬಗ್ಗುವುದೂ ಉಂಟು. ಶಬರಿಮಲೆಗೆ ಹೋಗುವ ಅಯ್ಯಪ್ಪ ಭಕ್ತರ ಇರುಮುಡಿಯಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಇರುತ್ತದೆ. ತಲೆಯ ಮೇಲೆ ಹೊತ್ತದ್ದನ್ನು ಸರಕಿನ ಬೆಲ್ಟಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಕ್ಯಾಬಿನ್ನಿನಲ್ಲಿ ತೆಂಗಿನಕಾಯಿಗೆ ಅವಕಾಶವಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಆ ಯಾತ್ರೆಯ ಕಾಲಕ್ಕೆ, 2025ರ ಜನವರಿ 20ರವರೆಗೆ, ತಪಾಸಣೆಗೆ ಒಳಪಡಿಸಿ ಕೈಯಲ್ಲೇ ಒಯ್ಯಲು ಬಿಟ್ಟಿತು. ಕೇಳಿದರೆ, ಕಾರಣ ಗಟ್ಟಿಯಾಗಿದ್ದರೆ, ವ್ಯವಸ್ಥೆ ದಾರಿ ಮಾಡಿಕೊಡುತ್ತದೆ.

ಇಷ್ಟೆಲ್ಲ ದಾಟಿ ಹೋದ ತಿಂಡಿಗೆ ಆಚೆ ದಡದಲ್ಲಿ ಇನ್ನೊಂದು ಬಾಗಿಲಿದೆ. ಅಲ್ಲಿ ಕೇಳುವುದು ಸ್ಫೋಟಕದ ಮಾತಲ್ಲ, ಹುಳ ಮತ್ತು ರೋಗದ ಮಾತು. ಹಸಿ ಕರಿಬೇವನ್ನು ಅಮೆರಿಕ ಬಿಡುವುದಿಲ್ಲ. ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹಬ್ಬಿಸುವ ಕೀಟ ಕರಿಬೇವಿನ ಗಿಡದ ಮೇಲೆ ಬದುಕುತ್ತದೆ. ಭಾರತದ ಮಾವು ಅಲ್ಲಿಗೆ ವ್ಯಾಪಾರಕ್ಕೆ ಹೋಗತೊಡಗಿದ್ದೂ 2007ರಲ್ಲಿ, ವಿಕಿರಣ ಸಂಸ್ಕರಣೆ ಮಾಡಿದ ಮೇಲೆಯೇ. ಚೀಲದಲ್ಲಿ ನಾಲ್ಕು ರಸಪುರಿ ಇಟ್ಟುಕೊಂಡು ಹೋಗುವಂತಿಲ್ಲ. ಆಸ್ಟ್ರೇಲಿಯಾಕ್ಕೆ ಕಾಲುಬಾಯಿ ರೋಗದ ಭಯ, ಆದ್ದರಿಂದ ಧಾರವಾಡ ಪೇಡೆಗೂ ಬೆಳಗಾವಿಯ ಕುಂದಾಕ್ಕೂ ಅಲ್ಲಿ ಪ್ರವೇಶವಿಲ್ಲ. ಮೆಲ್ಬರ್ನ್‌ನಲ್ಲಿರುವ ಗೆಳತಿಯೊಬ್ಬರ ತಾಯಿ ಅಲ್ಲಿ ಇಳಿದಾಗ ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ಅಧಿಕಾರಿ ಅರಳು ಸಂಡಿಗೆಯ ಪೊಟ್ಟಣ ಹಿಡಿದು ಏನೆಂದು ಕೇಳಿದ. ತಾಯಿಗೆ ಇಂಗ್ಲಿಷ್ ಬಾರದು. ಎಡಗೈ ಬಾಣಲೆ, ಬಲಗೈ ಜಾಲರಿ ಸೌಟು, ಬಾಯಲ್ಲಿ ಎಣ್ಣೆಯ ಸುಯ್ ಸದ್ದು. ಮುಚ್ಚಿದ ಮುಷ್ಟಿ ಫಟ್ಟನೆ ಅರಳಿತು. ಅಧಿಕಾರಿಗೆ ಅರ್ಥವಾಯಿತು. ಸಂಡಿಗೆ ಒಳಗೆ ಹೋಯಿತು, ಪೇಡೆ ಅಲ್ಲೇ ಉಳಿಯಿತು, ದಂಡ ಬೀಳಲಿಲ್ಲ. ಬರೆದುಕೊಟ್ಟವರಿಗೆ ದಂಡವಿಲ್ಲ ಎಂಬುದನ್ನು ನಮ್ಮ ಹಿರಿಯರಿಗೆ ಮನದಟ್ಟು ಮಾಡಬೇಕು. ನ್ಯೂಜಿಲೆಂಡಿನಲ್ಲಿ ಹೇಳದೆ ಒಯ್ದ ಒಂದು ಹಣ್ಣಿಗೂ ಸ್ಥಳದಲ್ಲೇ 400 ಡಾಲರ್ ದಂಡ.

ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಿಗೆ ಒಂದು ಮಾತು, ಇದರಲ್ಲಿ ನಗುವಂಥದ್ದೇನೂ ಇಲ್ಲ. ಗಸಗಸೆ ಅಫೀಮಿನ ಗಿಡದ ಬೀಜ. ಯುಎಇಯಲ್ಲಿ ಅದು ನಿಷೇಧಿತ ವಸ್ತು. ಮಂಗಳೂರು, ಉಡುಪಿ, ಭಟ್ಕಳಗಳಿಂದ ಮಗನಿಗೆಂದು ಕೋಳಿ ಮಸಾಲೆ ಅರೆದು, ಹುರಿದು ಕಳಿಸುವ ತಾಯಂದಿರು ಅದರಲ್ಲಿ ಗಸಗಸೆ ಹಾಕಬಾರದು. ಬೇರೆಯವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಚೀಲಕ್ಕೆ ಸೇರಿಸಲೂಬಾರದು. ನಾಚಿಕೆ ಪಟ್ಟುಕೊಳ್ಳಬೇಕಿಲ್ಲ, ಬಿಚ್ಚಿ ನೋಡಿ.

ಇನ್ನು ಪೆಟ್ಟಿಗೆಯಲ್ಲಿ ಹೋದ ಉಪ್ಪಿನಕಾಯಿ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿರುವಷ್ಟು ಇರುವುದಿಲ್ಲ, ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ಬಾಟಲಿಯೊಳಗಿನ ಗಾಳಿ ಹಿಗ್ಗುತ್ತದೆ, ಮುಚ್ಚಳ ಸಡಿಲವಿದ್ದರೆ ರಸ ಉಕ್ಕುತ್ತದೆ. ಶಿರಸಿಯ ಅಪ್ಪೆಮಿಡಿಯ ರಸ ಮಗಳ ರೇಷ್ಮೆ ಸೀರೆಗೆ ಇಳಿದು, ಸೀರೆ ಎಷ್ಟು ಒಗೆದರೂ ಇಂಗಿನ ವಾಸನೆ ಬಿಡದೆ, ಕೊನೆಗೆ ಅವಳು ಹಬ್ಬಕ್ಕೆ ಅದನ್ನೇ ಉಟ್ಟಾಗ ಮನೆಗೆ ಬಂದವರೆಲ್ಲ ಊಟಕ್ಕೆ ಏನು ಅಡುಗೆ ಎಂದು ಕೇಳಿದ ಪ್ರಸಂಗ ನಮ್ಮ ಬಂಧುಗಳಲ್ಲಿ ಈಗಲೂ ಮಾತಿಗೆ ಬರುತ್ತದೆ. ಮುಚ್ಚಳದ ಕೆಳಗೊಂದು ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಟೇಪು, ಹೊರಗೆ ಎರಡು ಗಟ್ಟಿ ಚೀಲ, ಸೀರೆಯಿಂದ ದೂರ. ಇಷ್ಟು ಮಾಡಿದರೆ ಸಾಕು.

ಇಷ್ಟು ಹೇಳಿದ ಮೇಲೂ ಬುಟ್ಟಿಗೆ ಬೀಳುವ ಡಬ್ಬಿಗಳು ಇದ್ದೇ ಇರುತ್ತವೆ, ಏಕೆಂದರೆ ಮೊದಲ ಸಲ ವಿಮಾನ ಹತ್ತುವವರು ದಿನವೂ ಇರುತ್ತಾರೆ. ಅವರಿಗಾಗಿ ಇಟಲಿಯ ಜಿನೋವಾ ಮಾಡಿದ್ದನ್ನು ನಮ್ಮವರು ತಿಳಿಯಬೇಕು. ಆ ಊರು ಪೆಸ್ಟೊ ಎಂಬ ಚಟ್ನಿಗೆ ಹೆಸರುವಾಸಿ. ನಮ್ಮ ಕಾಮಕಸ್ತೂರಿಯ ಜಾತಿಯ ಎಲೆ, ಪೈನ್ ಬೀಜ, ಗಿಣ್ಣು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ರುಬ್ಬಿದ್ದು. ಪ್ರವಾಸಿಗರು ಕೊಂಡ ಪೆಸ್ಟೊ ಬಾಟಲಿಗಳು ತಪಾಸಣೆಯಲ್ಲಿ ರಾಶಿ ರಾಶಿಯಾಗಿ ಬುಟ್ಟಿ ಸೇರುವುದನ್ನು ನೋಡಲಾರದೆ ಅಲ್ಲಿನ ವಿಮಾನ ನಿಲ್ದಾಣ 2017ರಲ್ಲಿ ಒಂದು ಏರ್ಪಾಡು ಮಾಡಿತು. ಅರ್ಧ ಕೆ.ಜಿ.ವರೆಗಿನ ಪೆಸ್ಟೊವನ್ನು ಕೈಚೀಲದಲ್ಲಿ ಒಯ್ಯಬಹುದು. ಪ್ರಯಾಣಿಕರು ಅರ್ಧ ಯೂರೊ ಅಥವಾ ಹೆಚ್ಚು ದಾನ ಕೊಟ್ಟು ಒಂದು ವಿಶೇಷ ಚೀಟಿ ಪಡೆಯುತ್ತಾರೆ. ಬಾಟಲಿಯನ್ನು ಬೇರೆ ಯಂತ್ರದಲ್ಲಿ ಪರೀಕ್ಷಿಸಿ ಬಿಡುತ್ತಾರೆ. ಆ ಹಣ, ಚಿಕಿತ್ಸೆಗಾಗಿ ದೂರ ಹಾರಬೇಕಾದ ಕಾಯಿಲೆಯ ಮಕ್ಕಳ ವಿಮಾನ ಟಿಕೆಟ್ಟಿಗೆ ಹೋಗುತ್ತದೆ. ಸುರಕ್ಷತೆಯೂ ಉಳಿಯಿತು, ಚಟ್ನಿಯೂ ಉಳಿಯಿತು, ಒಂದು ಮಗುವಿಗೆ ನೆರವೂ ಆಯಿತು. ಹೊಸ ಸ್ಕ್ಯಾನರುಗಳು ಬಂದಿರುವ ಎಡಿನ್‌ಬರೊದಂಥ ನಿಲ್ದಾಣಗಳಲ್ಲಿ 2025ರಿಂದ ದ್ರವದ ಮಿತಿ 2 ಲೀಟರಿಗೆ ಏರಿದೆ. ಯಂತ್ರಗಳು ಸುಧಾರಿಸುತ್ತಿವೆ, ದಾರಿ ತೆರೆಯುತ್ತಿದೆ.

ಬೆಂಗಳೂರು, ಮಂಗಳೂರು ನಿಲ್ದಾಣಗಳನ್ನು ನಡೆಸುವವರಲ್ಲಿ, ಭದ್ರತಾ ಬ್ಯೂರೊದಲ್ಲಿ ನನ್ನ ಕೋರಿಕೆ ಇಷ್ಟೆ. ಜಿನೋವಾದ ಪೆಸ್ಟೊಗೆ ಸಿಕ್ಕ ಸೌಲಭ್ಯವನ್ನು ಶಿರಸಿಯ ಮಿಡಿ ಉಪ್ಪಿನಕಾಯಿಗೆ, ಬಾಣಂತಿ ಲೇಹ್ಯಕ್ಕೆ, ಮನೆ ತುಪ್ಪಕ್ಕೆ ಕೊಡಲು ಬರುತ್ತದೆಯೇ ಎಂದು ಪರಿಶೀಲಿಸಿ. ಅದು ಆಗುವವರೆಗೆ, ತಡೆದ ಡಬ್ಬಿಯನ್ನು ಪ್ರಯಾಣಿಕರ ಮನೆಗೆ ಅವರದೇ ಖರ್ಚಿನಲ್ಲಿ ವಾಪಸು ಕಳಿಸುವ ಒಂದು ಮೇಜನ್ನಾದರೂ ತಪಾಸಣೆಯ ಪಕ್ಕದಲ್ಲಿ ಇಡಿ. ಓದುಗರಲ್ಲಿ ಇನ್ನೊಂದು ಕೋರಿಕೆ: ಪೆಟ್ಟಿಗೆಯನ್ನು ಮನೆಯಲ್ಲೇ ತೂಗಿ. ಕೌಂಟರಿನ ಮುಂದೆ ಭಾರ ಇಳಿಸಲೇಬೇಕಾಗಿ ಬಂದರೆ ಚಕ್ಕುಲಿ, ಮೈಸೂರು ಪಾಕ್, ರೊಟ್ಟಿಯನ್ನು ಕೈಚೀಲಕ್ಕೆ ತೆಗೆಯಿರಿ. ಉಪ್ಪಿನಕಾಯಿ ಎಲ್ಲಿದೆಯೋ ಅಲ್ಲೇ ಇರಲಿ.